ಬ್ಯಾಡ ಅಂದವರ ತಾಟು

ನನ್ನ ಗಂಡನ ಬಾಯಲ್ಲಿ ಮೊದಲು ಬರುವ ಮಾತು ‘ಬ್ಯಾಡ’. ಚಹಾ ಮಾಡಲೇ ಎಂದರೆ ಬ್ಯಾಡ, ಇನ್ನೊಂದು ರೊಟ್ಟಿ ಹಾಕಲೇ ಎಂದರೆ ಬ್ಯಾಡ ಬ್ಯಾಡ. ಧಾರವಾಡದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಮನೆಗೆ ಬಂದವನು ಕೇಳಿದ ತಕ್ಷಣ ಹೂಂ ಅಂದರೆ ಉಣ್ಣುವುದಕ್ಕೇ ಬಂದಿದ್ದ ಅಂತಾಗುತ್ತದೆ. ಅವನು ಬ್ಯಾಡ ಅನ್ನಬೇಕು, ಮನೆಯವರು ಬಿಡಬಾರದು. ಮತ್ತೆ ಬ್ಯಾಡ ಅನ್ನಬೇಕು, ಮತ್ತೆ ಬಿಡಬಾರದು. ಮೂರನೆಯ ಸಲಕ್ಕೆ ‘ನೀವು ಇಷ್ಟು ಅನ್ನಾಕತ್ತೀರಿ ಅಂದ್ರ ಸ್ವಲ್ಪ ಹಾಕ್ರಿ’ ಎಂದು ದೊಡ್ಡ ಉಪಕಾರ ಮಾಡಿದವನ ಹಾಗೆ ತಾಟು ಮುಂದೆ ಚಾಚಿ, ಆಮೇಲೆ ಹೊಟ್ಟೆ ಬಿರಿಯುವಷ್ಟು ಉಣ್ಣಬೇಕು. ಇದು ನಮ್ಮ ಮರ್ಯಾದೆಯ ಲೆಕ್ಕ. ನನ್ನ ಗಂಡ ಈ ಲೆಕ್ಕದಲ್ಲಿ ಒಂದು ದಿನವೂ ತಪ್ಪಿದವರಲ್ಲ.

ಕೆನಡಾಕ್ಕೆ ಬಂದ ಮೇಲೂ ತಪ್ಪಲಿಲ್ಲ. ಎಲೆಕ್ಟ್ರಿಷಿಯನ್ ಕೆಲಸ ಸಿಕ್ಕ ಹೊಸತರಲ್ಲಿ ಇವರ ಕಂಪನಿಯ ಮಾಲೀಕರು ಕ್ಲೈನ್‌ಬರ್ಗಿನ ತಮ್ಮ ದೊಡ್ಡ ಮನೆಗೆ ಕೆಲಸಗಾರರನ್ನೆಲ್ಲ ಊಟಕ್ಕೆ ಕರೆದಿದ್ದರು. ಮಾಲೀಕರ ಹೆಂಡತಿ ತಿನಿಸಿನ ತಟ್ಟೆ ಹಿಡಿದು ಬಂದಾಗ ಇವರು ‘ನೋ, ನೋ, ಥ್ಯಾಂಕ್ಯೂ’ ಅಂದರು. ಆಕೆ ನಕ್ಕು ಮುಂದಕ್ಕೆ ಹೋದಳು. ಇವರು ಕಾದರು. ಆಕೆ ಮತ್ತೆ ಬರಲೇ ಇಲ್ಲ. ಮನೆಗೆ ಬಂದು ಕೋಟು ಕೂಡ ತೆಗೆಯದೆ ಅಡುಗೆಮನೆಯಲ್ಲಿ ನಿಂತು ಮಧ್ಯಾಹ್ನದ ಅನ್ನಕ್ಕೆ ಮೊಸರು ಕಲಸಿಕೊಂಡರು. ‘ಎಂಥಾ ಮಂದಿ ಇವರು, ಒಂದ ಸಲ ಕೇಳಿ ಬಿಟ್ಟಬಿಡ್ತಾರ’ ಎಂದು ಬೈದುಕೊಂಡೇ ಉಂಡರು. ನಾನು ನಕ್ಕು ನಕ್ಕು ಸಾಕಾದೆ. ಇಲ್ಲೇ ಹುಟ್ಟಿ ಬೆಳೆದ ಮಗಳಿಗೆ ಅಪ್ಪನ ಈ ಆಟ ಇವತ್ತಿಗೂ ಅರ್ಥವಾಗಿಲ್ಲ. ಪಿಜ್ಜಾದ ಕೊನೆಯ ತುಂಡು ತಾನೇ ತಿಂದು ‘ಡ್ಯಾಡ್, ಯೂ ಸೆಡ್ ನೋ’ ಅನ್ನುತ್ತಾಳೆ.

ನಾನು ಮಾತ್ರ ಈ ದೇಶದ ರೀತಿ ಬೇಗ ಕಲಿತೆ ಎಂದು ಹೆಮ್ಮೆಪಟ್ಟುಕೊಂಡವಳು. ಮನೆಗೆ ಬಂದವರನ್ನು ಒಂದು ಸಲ ಕೇಳುತ್ತೇನೆ. ಬೇಕು ಅಂದರೆ ಹಾಕುತ್ತೇನೆ, ಬ್ಯಾಡ ಅಂದರೆ ಸುಮ್ಮನಾಗುತ್ತೇನೆ. ಒತ್ತಾಯದ ಗೋಜಿಲ್ಲ.

ಸ್ಟ್ರೀಟ್ಸ್‌ವಿಲ್‌ನಲ್ಲಿ ನಮ್ಮ ಟೌನ್‌ಹೌಸಿನ ಸಾಲಿನಲ್ಲೇ, ಸ್ವಲ್ಪ ಆಚೆಯ ಮನೆಯಲ್ಲಿ ಗದಗಿನ ಕಡೆಯವರೊಬ್ಬರಿದ್ದಾರೆ. ವಿಭೂತಿ ಹಚ್ಚುವ ಮನೆಯವರು, ನಾವು ಕ್ರೈಸ್ತರು. ಬೀದಿಯಲ್ಲಿ ಸಿಕ್ಕರೆ ಅರ್ಧ ತಾಸು ಮಾತು, ಹಿಮ ಬಿದ್ದ ದಿನ ಒಬ್ಬರ ಬಾಗಿಲ ಮುಂದಿನ ಹಿಮವನ್ನು ಇನ್ನೊಬ್ಬರು ಕೆರೆದುಕೊಡುವುದು, ಎಲ್ಲ ಉಂಟು. ಆದರೆ ನಮ್ಮ ಮನೆಯೊಳಗೆ ಬಂದರೆ ಆಕೆ ಒಂದು ಗುಟುಕು ಚಹಾ ಕುಡಿದವರಲ್ಲ. ‘ಬ್ಯಾಡ್ರೀ ಅಕ್ಕಾರ, ಈಗಷ್ಟ ಆತು’ ಅನ್ನುತ್ತಾರೆ. ವರ್ಷಗಳಿಂದ ಅದೇ ಮಾತು. ಯಾಕೆ ಬ್ಯಾಡ ಎಂದು ನಾನು ಕೇಳಲಿಲ್ಲ. ಕೇಳದೆಯೇ ಮನಸ್ಸಿನಲ್ಲಿ ಒಂದು ಕಾರಣ ಇಟ್ಟುಕೊಂಡಿದ್ದೆ. ನಾವು ಆಫ್ರಿಕಾಕ್ಕೆ ಹೊರಟಾಗ ಮನೆಯ ಕೀಲಿ ಇಟ್ಟುಕೊಂಡು ಗಿಡಗಳಿಗೆ ನೀರು ಹಾಕುತ್ತೇನೆ ಎಂದವರು ಅವರೇ. ಕೀಲಿ ಕೊಟ್ಟ ದಿನವೂ ಚಹಾ ಕೇಳಿದೆ. ಬ್ಯಾಡ ಅಂದರು. ಆಯಿತು ಬಿಡು ಎಂದು ಒಳಗೊಳಗೇ ಉರಿದುಕೊಂಡು ಬಾಗಿಲು ಹಾಕಿದೆ.

ಹೊರಟದ್ದು ಮಲಾವಿ ದೇಶದ ಹಳ್ಳಿಗಳಿಗೆ, ನಮ್ಮ ಚರ್ಚಿನ ತಂಡದೊಂದಿಗೆ. ಅಲ್ಲಿಯ ಒಂದು ಕ್ರೈಸ್ತ ಸಭೆಯೊಡನೆ ನಮ್ಮ ಚರ್ಚಿಗೆ ಹಳೆಯ ಸಂಬಂಧ. ಹಳ್ಳಿಯ ಆಸ್ಪತ್ರೆಯ ಛಾವಣಿಯ ಮೇಲೆ ಸೋಲಾರ್ ಹಾಕುವುದು ನನ್ನ ಗಂಡನ ಕೆಲಸ. ನಾನು ಕ್ವೀನ್ ಸ್ಟ್ರೀಟಿನ ಆಲ್ಟರೇಶನ್ ಅಂಗಡಿಯಲ್ಲಿ ಪ್ಯಾಂಟಿನ ಅಂಚು ಮಡಚಿ, ಕೋಟಿನ ಜಿಪ್ಪು ಬದಲಿಸಿ ಜೀವನ ಮಾಡುವವಳು. ಶಾಲೆಗೆ ಹೋಗುವ ಹುಡುಗಿಯರಿಗೆ ಮುಟ್ಟಿನ ದಿನಗಳ ಬಟ್ಟೆಯ ಪ್ಯಾಡುಗಳನ್ನು ಹೊಲಿಯಲು ಅಲ್ಲಿಯ ಹೆಂಗಸರಿಗೆ ಕಲಿಸುವುದು ನನ್ನ ಕೆಲಸ. ಚರ್ಚಿನ ಬೇಸ್‌ಮೆಂಟಿನಲ್ಲಿ ತಯಾರಿಯ ಸಭೆಗಳಾದವು. ತಂಡದ ನಾಯಕಿ ನಿವೃತ್ತ ಹೆಡ್‌ಮಿಸ್ಟ್ರೆಸ್ಸು. ಕುದಿಸದ ನೀರು ಕುಡಿಯಬೇಡಿ, ಬಿಸಿ ಊಟ ಧೈರ್ಯವಾಗಿ ಉಣ್ಣಿ, ಹೊತ್ತಿಗೆ ಸರಿಯಾಗಿ ವ್ಯಾನು ಹತ್ತಿ ಎಂದು ಮತ್ತೆ ಮತ್ತೆ ಹೇಳಿದಳು. ನಾನು ಪ್ಯಾಡಿನ ನಮೂನೆ ಎತ್ತಿ ತೋರಿಸಿದಾಗ ನನ್ನ ಗಂಡ ಕುರ್ಚಿಯ ಕೆಳಗೆ ಏನೋ ಬಿದ್ದಿದೆ ಅನ್ನುವಂತೆ ಬಗ್ಗಿ ಹುಡುಕತೊಡಗಿದರು.

ಮನೆಗೆ ಬರುವಾಗ ಕಾರಿನಲ್ಲಿ ನನಗೆ ನಗು ಬಂತು. ‘ಏನಾತು?’ ಅಂದರು.

‘ನಮ್ಮ ಮುತ್ತಜ್ಜನ ಮನಿಗೆ ಪಾದ್ರಿ ಬಂದು ಸುವಾರ್ತಿ ಹೇಳಿದ್ದ. ಈಗ ನಾವ ಮಿಷನ್ ಹೊಂಟೇವಿ’ ಅಂದೆ.

‘ಹೌದಲ್ಲ’ ಎಂದು ಅವರೂ ನಕ್ಕರು.

ಲಿಲೊಂಗ್ವೆಯಲ್ಲಿ ಇಳಿದು ವ್ಯಾನಿನಲ್ಲಿ ಹೊರಟರೆ ಡಾಂಬರು ಬೇಗ ಮುಗಿದು ಕೆಂಪು ಮಣ್ಣಿನ ದಾರಿ ಶುರುವಾಯಿತು. ಅಲ್ಲಿ ಜುಲೈ ಅಂದರೆ ಚಳಿಗಾಲ, ಮಳೆಯಿಲ್ಲ. ಕೊಯ್ಲು ಮುಗಿದ ಗೋವಿನಜೋಳದ ಹೊಲಗಳು, ಸೈಕಲ್ಲಿನ ಹಿಂದೆ ಮನುಷ್ಯನಿಗಿಂತ ಎತ್ತರಕ್ಕೆ ಕಟ್ಟಿದ ಸೌದೆ, ಅಂಗಡಿಯ ಪಡಸಾಲೆಯಲ್ಲಿ ಕಾಲಿನಿಂದ ತುಳಿಯುವ ಹೊಲಿಗೆ ಮಷೀನು ಇಟ್ಟುಕೊಂಡು ಕೂತ ದರ್ಜಿಗಳು. ಆ ಮಷೀನಿನ ಸದ್ದು ಕೇಳಿಯೇ ನನ್ನ ಪ್ರಯಾಣದ ಆಯಾಸ ಅರ್ಧ ಇಳಿಯಿತು. ಹಳ್ಳಿ ತಲುಪಿದಾಗ ಬಿಳಿ ತಲೆವಸ್ತ್ರ ಕಟ್ಟಿದ ಮಹಿಳಾ ಸಂಘದವರು ವ್ಯಾನಿನ ಸುತ್ತ ಹಾಡುತ್ತ ಕುಣಿದರು. ನಾಯಕಿ ಕೈ ತಟ್ಟುವುದನ್ನು ತಾಳಕ್ಕೆ ಹೊಂದಿಸಲು ಹೋಗಿ ಸೋತಳು. ನಾನು ಕುಣಿದೆ. ಮಂಡಿ ಆಮೇಲೆ ಸೇಡು ತೀರಿಸಿಕೊಂಡಿತು, ಅದು ಬೇರೆ ಮಾತು.

ಹೊಲಿಗೆ ಕಲಿಯಲು ಬಂದವರಲ್ಲಿ ಒಬ್ಬಾಕೆ ಮೊದಲ ದಿನವೇ ನನ್ನ ಕಣ್ಣಿಗೆ ಬಿದ್ದಳು. ನಲವತ್ತರ ಆಸುಪಾಸು, ಅಗಲ ಮುಖ, ನಕ್ಕರೆ ಇಡೀ ಮೈ ನಗುತ್ತಿತ್ತು. ಹೊಲಿಗೆ ಅಂಥದ್ದೇನೂ ಚೆನ್ನಾಗಿರಲಿಲ್ಲ. ಸೂಜಿಗೆ ದಾರ ಪೋಣಿಸಲಾಗದೆ ನನ್ನ ಕನ್ನಡಕ ಕಸಿದುಕೊಂಡು ಹಾಕಿಕೊಳ್ಳುತ್ತಿದ್ದಳು, ನಾನು ಕುರುಡಿಯ ಹಾಗೆ ಕೂತಿರಬೇಕಾಗುತ್ತಿತ್ತು. ಉಳಿದವರು ಬೆಂಚಿನ ಮೇಲೆ ಒತ್ತೊತ್ತಾಗಿ ಕೂತರೂ ಆಕೆಯ ಪಕ್ಕ ಮಾತ್ರ ಸದಾ ಜಾಗ ಇರುತ್ತಿತ್ತು. ನಾನು ಅಲ್ಲೇ ಕೂತೆ.

ದಿನವೂ ಮಧ್ಯಾಹ್ನ ನಮ್ಮನ್ನು ಇಬ್ಬಿಬ್ಬರಾಗಿ ಒಂದೊಂದು ಮನೆಗೆ ಊಟಕ್ಕೆ ಕಳಿಸುತ್ತಿದ್ದರು. ಯಾರ ಮನೆಗೆ ಯಾರು ಎಂದು ಗೊತ್ತು ಮಾಡುವುದು ಮಹಿಳಾ ಸಂಘ. ಅತಿಥಿಗಳಿಗೆ ಉಣಿಸುವ ಪಾಳಿ ಸಿಗುವುದೆಂದರೆ ಅಲ್ಲಿ ದೊಡ್ಡ ಮಾನ. ಆ ವಾರದ ಕೊನೆಗೆ ನನ್ನನ್ನೂ ನನ್ನ ಗಂಡನನ್ನೂ ಆಕೆಯ ಮನೆಗೆ ಎಂದು ಹೇಳಿದರು. ಭಾಷೆಗೆಂದು ಅಲ್ಲಿಯ ಶಾಲೆಯ ಶಿಕ್ಷಕಿ ಜೊತೆಗೆ ಬರುವವಳಿದ್ದಳು.

ಹೊರಡುವ ಹೊತ್ತಿಗೆ ಒಂದು ಮಷೀನಿನ ಬೆಲ್ಟು ಕಿತ್ತುಹೋಯಿತು. ‘ನೀವು ಮುಂದ ನಡೀರಿ, ನಾ ಹಿಂದಿನಿಂದ ಬರ್ತೀನಿ’ ಎಂದು ಗಂಡನನ್ನು ಶಿಕ್ಷಕಿಯ ಜೊತೆ ಕಳಿಸಿದೆ. ಬೆಲ್ಟು ಕಟ್ಟಿ ಮುಗಿಸಿ ದಾರಿ ಕೇಳುತ್ತ ನಾನು ಆಕೆಯ ಅಂಗಳ ಮುಟ್ಟಿದಾಗ ನನ್ನ ಗಂಡ ಮರದ ಕುರ್ಚಿಯ ಮೇಲೆ ನೆಟ್ಟಗೆ ಕೂತಿದ್ದರು. ಮುಂದೆ ಖಾಲಿ ಚಾಪೆ. ಕೋಳಿಸಾರಿನ ವಾಸನೆ ಅಂಗಳದ ತುಂಬ ಇತ್ತು. ಆಚೆ ಬೇಲಿಯ ಬಳಿ ನೆರೆಮನೆಯ ಮಕ್ಕಳು ಗುಂಪಾಗಿ ಕೂತು ಮೂಳೆ ಚೀಪುತ್ತಿದ್ದವು.

‘ಊಟ ಆತೇನ್ರಿ?’ ಅಂದೆ.

‘ಇಲ್ಲ’ ಅಂದರು ಮೆಲ್ಲಗೆ. ‘ಒಂದ ಸಲ ಕೇಳಿದ್ಲು. ಬ್ಯಾಡ ಅಂದೆ. ಇನ್ನೂ ಕೇಳಾಕತ್ತಿಲ್ಲ.’

ಶಿಕ್ಷಕಿ ನೆಲ ನೋಡುತ್ತಿದ್ದಳು. ಮನೆಯಾಕೆ ಒಳಗಿನಿಂದ ಹೊರಗೆ ಬಂದಳು, ನನ್ನನ್ನು ನೋಡಿ ನಗಲಿಲ್ಲ. ಮಂಡಿಯೂರಿ ವಂದಿಸಿ, ಬರಿಯ ಪಾತ್ರೆಗಳನ್ನು ಎತ್ತಿಕೊಂಡು ಹಿಂದಕ್ಕೆ ಹೋದಳು. ನಾನು ಅವಳ ಹಿಂದೆ ಹೆಜ್ಜೆ ಇಡುವಷ್ಟರಲ್ಲಿ ವ್ಯಾನಿನ ಹಾರ್ನು ಕೇಳಿತು. ಆ ಮಧ್ಯಾಹ್ನ ಆಸ್ಪತ್ರೆಯಲ್ಲಿ ಸೋಲಾರ್ ದೀಪ ಹಚ್ಚುವ ಸಮಾರಂಭ ಇತ್ತು, ನನ್ನ ಗಂಡನಿಲ್ಲದೆ ಅದು ನಡೆಯುವಂತಿರಲಿಲ್ಲ.

ಸಮಾರಂಭ ಮುಗಿದ ಮೇಲೆ ಶಿಕ್ಷಕಿಯನ್ನು ಒಂದು ಮಗ್ಗುಲಿಗೆ ಕರೆದು ಕೇಳಿದೆ. ಅವಳು ಮೊದಲು ಏನಿಲ್ಲ ಏನಿಲ್ಲ ಅಂದಳು. ನಾನು ಬಿಡಲಿಲ್ಲ. ಆಗ ಇಂಗ್ಲಿಷಿನಲ್ಲಿ, ಪಾಠ ಒಪ್ಪಿಸುವವಳ ಹಾಗೆ ನಿಧಾನವಾಗಿ ಹೇಳಿದಳು. ಆ ಮನೆಯಾಕೆ ಬೇರೆ ಜಿಲ್ಲೆಯವಳು. ಗಂಡ ದಕ್ಷಿಣ ಆಫ್ರಿಕಾಕ್ಕೆ ಕೆಲಸಕ್ಕೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಮಾಡಿಕೊಂಡ. ಒಬ್ಬಳೇ ಉಳಿದ ಮೇಲೆ ಜನ ಏನೇನೋ ಮಾತಾಡಿಕೊಂಡರು. ಆಮೇಲೆ ಅವಳ ಕೈಯ ಅಡುಗೆ ಏನೂ ತಿಳಿಯದ ಮಕ್ಕಳ ಹೊರತು ಯಾರೂ ಉಣ್ಣುವುದಿಲ್ಲ. ಭಾನುವಾರ ಚರ್ಚಿನಲ್ಲಿ ಎಲ್ಲರೊಡನೆ ಕರ್ತನ ಭೋಜನದ ರೊಟ್ಟಿಗೆ ನಿಲ್ಲುತ್ತಾಳೆ, ಸೋಮವಾರ ಅವಳ ಮನೆಯಲ್ಲಿ ಒಬ್ಬರೂ ನೀರು ಮುಟ್ಟುವುದಿಲ್ಲ. ಈ ಸಲ ಅತಿಥಿಗಳ ಪಾಳಿ ತನಗೂ ಬೇಕು ಎಂದು ಸಂಘದಲ್ಲಿ ಹಟ ಹಿಡಿದು ಕೇಳಿ ಪಡೆದಳು. ವಿದೇಶದಿಂದ ಬಂದವರು ಉಂಡರೆ ಊರವರೂ ಉಣ್ಣುತ್ತಾರೆ ಎಂದುಕೊಂಡಿದ್ದಳು.

‘ಈಗ?’ ಅಂದೆ.

‘ಈಗ ಎಲ್ಲರಿಗೂ ಗೊತ್ತಾಗಿದೆ. ಕೆನಡಾದವರು ಕೂಡ ಅವಳ ಮನೆಯಲ್ಲಿ ಉಣ್ಣಲಿಲ್ಲ ಅಂತ’ ಅಂದಳು ಶಿಕ್ಷಕಿ.

ಯಾಕೆ ಉಣ್ಣುವುದಿಲ್ಲ, ಏನು ಮಾತಾಡಿಕೊಂಡರು ಎಂದು ನಾನು ಕೇಳಲಿಲ್ಲ. ಇಂಥದ್ದಕ್ಕೆ ಕಾರಣ ಇರುವುದಿಲ್ಲ. ಅದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ.

ನನ್ನ ಅಜ್ಜಿ ಗದಗಿನ ಪಕ್ಕದ ಬೆಟಗೇರಿಯ ಮಿಷನ್ ಕಾಂಪೌಂಡಿನಲ್ಲಿ ಇದ್ದವಳು. ಸೂಲಗಿತ್ತಿ. ಊರ ದೊಡ್ಡ ಮನೆಗಳಿಂದ ಅವಳಿಗೆ ಕರೆ ಬರುತ್ತಿತ್ತು. ಆ ಮನೆಗಳ ಎಷ್ಟೋ ಕೂಸುಗಳನ್ನು ಈ ಲೋಕದಲ್ಲಿ ಮೊದಲು ಹಿಡಿದದ್ದು ಅವಳ ಕೈ. ಆದರೆ ಅವಳ ಕೈಯ ನೀರು ಅವರಿಗೆ ನಡೆಯುತ್ತಿರಲಿಲ್ಲ. ಬಸುರಿ ಮಗಳ ಕಾಲು ಬಾತಿದೆ, ಸೊಸೆಗೆ ಹಾಲು ಇಳಿಯುತ್ತಿಲ್ಲ ಎಂದು ಕೇಳಲು ಆ ಮನೆಯ ಹೆಂಗಸರು ಅಜ್ಜಿಯ ಪಡಸಾಲೆಗೆ ಬರುತ್ತಿದ್ದರು. ಪಡಸಾಲೆಯ ಮೂಲೆಯಲ್ಲಿ ಫಳಫಳ ಬೆಳಗಿದ ಹಿತ್ತಾಳೆಯ ತಂಬಿಗೆ, ಮೇಲೆ ಕುಡಿಯುವ ವಾಟಗ ಬೋರಲು ಹಾಕಿ ಇಟ್ಟಿರುತ್ತಿದ್ದಳು. ‘ನೀರು ಕೊಡ್ಲೇನವಾ?’ ಅನ್ನುತ್ತಿದ್ದಳು. ‘ಬ್ಯಾಡವಾ, ಈಗರೆ ಕುಡದ ಬಂದೀನಿ’ ಅನ್ನುತ್ತಿದ್ದರು, ಬಹಳ ಮರ್ಯಾದೆಯಿಂದ. ಅಜ್ಜಿ ಎರಡನೆಯ ಸಲ ಕೇಳುತ್ತಿರಲಿಲ್ಲ. ಯಾಕಜ್ಜಿ, ಎಲ್ಲರೂ ಮೂರು ಸಲ ಕೇಳ್ತಾರಲ್ಲ ಎಂದು ನಾನು ಚಿಕ್ಕವಳಿದ್ದಾಗ ಕೇಳಿದ್ದೆ. ‘ಒಮ್ಮೆ ಬ್ಯಾಡ ಅನಿಸಿಕೊಂಡ್ರ ಸಾಕು ಬಿಡವಾ’ ಅಂದಿದ್ದಳು. ಆ ತಂಬಿಗೆಯನ್ನು ಸಾಯುವವರೆಗೂ ಬೆಳಗಿದಳು. ಆ ಹೆಂಗಸರಲ್ಲಿ ಒಬ್ಬರಾದರೂ ಕುಡಿದರೇ, ನನಗೆ ಗೊತ್ತಿಲ್ಲ. ನಾನು ನೋಡಲಿಲ್ಲ.

ಆ ಸಂಜೆ ನನಗೆ ಬಂದ ಸಿಟ್ಟಿಗೆ ಗಂಡ ಸಿಕ್ಕರು. ಗೆಸ್ಟ್‌ಹೌಸಿನ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದೆ. ಅವರ ಮುಖ ಇಳಿದುಹೋಯಿತು.

‘ನಾ ಮರ್ಯಾದಿಗೆ ಅಂದಿದ್ದೆ’ ಅಂದರು.

‘ಗೊತ್ತು. ಅಕಿಗೆ ಹೆಂಗ ಗೊತ್ತಾಗಬೇಕು?’

‘ನನಗ ಹಸಿವು ಆಗಿತ್ತು’ ಅಂದರು. ಪಾಪ, ಅದೂ ನಿಜ. ಅವರ ಕಣ್ಣಲ್ಲಿ ನೀರು ನೋಡಿ ನನ್ನ ಬೈಗುಳ ಅರ್ಧದಲ್ಲೇ ನಿಂತಿತು. ಆದರೆ ತೀರ್ಮಾನ ನಿಲ್ಲಲಿಲ್ಲ. ನಾಳೆ ಬೆಳಿಗ್ಗೆ ಅವಳ ಮನೆಗೆ ಹೋಗುವುದು, ಉಂಡು ಬರುವುದು.

ನಾಯಕಿಗೆ ಹೇಳಿದರೆ ಆಕೆ ತನ್ನ ವೇಳಾಪಟ್ಟಿ ತೆಗೆದಳು. ನಾಳೆ ಮುಂಜಾನೆ ಮುಂದಿನ ಊರಿಗೆ ಹೊರಡಬೇಕು, ಅಲ್ಲಿಯ ಸಭೆ ಕಾಯುತ್ತಿದೆ. ‘ಆಕೆಗೆ ನೋವಾಗಿದ್ದರೆ ನಾನು ಮಹಿಳಾ ಸಂಘದ ಮೂಲಕ ಕ್ಷಮೆ ತಿಳಿಸುತ್ತೇನೆ, ಒಂದು ಉಡುಗೊರೆ ಕಳಿಸೋಣ’ ಅಂದಳು. ಕೆಟ್ಟವಳಲ್ಲ ಆಕೆ, ಮನಸ್ಸಿಟ್ಟೇ ಹೇಳಿದಳು.

‘ಉಡುಗೊರೆ ಬೇಡ. ಅವಳ ಮನೆಯಲ್ಲಿ ಉಣ್ಣಬೇಕು. ಎಲ್ಲರ ಕಣ್ಣೆದುರಿಗೆ ಉಣ್ಣಬೇಕು’ ಅಂದೆ.

‘ವ್ಯಾನು ಕಾಯುವುದಕ್ಕೆ ಆಗುವುದಿಲ್ಲ.’

‘ನಡೆದು ಹೋಗುತ್ತೇವೆ. ನೀವು ಹೊರಟರೂ ಸರಿ, ನಾವು ಹಿಂದಿನಿಂದ ಯಾವುದಾದರೂ ಲಾರಿ ಹಿಡಿದು ಬರುತ್ತೇವೆ’ ಅಂದೆ. ನನ್ನ ಗಂಡ ನನ್ನ ಸೆರಗು ಜಗ್ಗಿದರು. ನಾನು ತಿರುಗಿ ನೋಡಲಿಲ್ಲ. ನಾಯಕಿ ನನ್ನ ಮಂಡಿಗೆ ಕಟ್ಟಿದ ಪಟ್ಟಿ ನೋಡಿದಳು, ನನ್ನ ಮುಖ ನೋಡಿದಳು, ವೇಳಾಪಟ್ಟಿ ಮಡಚಿ ಚೀಲಕ್ಕೆ ಹಾಕಿದಳು.

ತೊಡಕು ಶಿಕ್ಷಕಿಯಿಂದ ಬಂತು. ಸುಮ್ಮನೆ ಹೋಗಿ ಕೂತರೆ ಆಗುವುದಿಲ್ಲ ಅಂದಳು. ಕ್ಷಮೆ ಕೇಳಲು ಬಂದಿದ್ದಾರೆ, ಕರುಣೆ ತೋರಿಸಲು ಬಂದಿದ್ದಾರೆ ಎಂದೇ ಊರು ತಿಳಿಯುತ್ತದೆ. ನಿಮಗೆ ಹಸಿವಾಗಿದೆ, ಅವಳ ಊಟವೇ ಬೇಕು ಎಂದು ನೀವೇ ಕೇಳಬೇಕು. ಬೋರ್‌ವೆಲ್ಲಿನ ಹತ್ತಿರ ಹೆಂಗಸರು ನೀರಿಗೆ ಬಂದಿರುವ ಹೊತ್ತಿಗೆ, ಅವರಿಗೆಲ್ಲ ಕೇಳುವ ಹಾಗೆ ಕೇಳಬೇಕು. ‘ಕೇಳಬೇಕಾದವರು ನೀವಲ್ಲ’ ಎಂದು ನನ್ನ ಗಂಡನನ್ನು ತೋರಿಸಿದಳು. ‘ಬೇಡ ಅಂದವರು ಅವರು.’

ಕೇಳಿ ಉಣ್ಣುವುದು. ನಮ್ಮ ಕಡೆ ಮನುಷ್ಯ ಉಪವಾಸ ಮಲಗುತ್ತಾನೆ, ಇನ್ನೊಬ್ಬರ ಅಂಗಳದಲ್ಲಿ ನಿಂತು ಊಟ ಕೇಳುವುದಿಲ್ಲ. ಕ್ಲೈನ್‌ಬರ್ಗಿನ ಮನೆಯಲ್ಲಿ ಹಸಿದು ಕೂತ ಮನುಷ್ಯ ಇದನ್ನು ಹೇಗೆ ಮಾಡುತ್ತಾರೆ? ‘ನನ್ನಿಂದ ಆಗೂದಿಲ್ಲ’ ಅಂದರು. ಆಮೇಲೆ ಶಿಕ್ಷಕಿಯ ಕಡೆ ತಿರುಗಿ ‘ನಿಮ್ಮ ಭಾಷೆಯಲ್ಲಿ ಹೇಗೆ ಹೇಳಬೇಕು, ಕಲಿಸಿ’ ಅಂದರು.

ಬೆಳಿಗ್ಗೆ ಹೊರಟೆವು. ದಾರಿಯುದ್ದಕ್ಕೂ ಅವರು ‘ನನಗೆ ಹಸಿವಾಗಿದೆ’ ಅನ್ನುವ ಆ ಭಾಷೆಯ ಮಾತನ್ನು ಭಾನುವಾರ ಶಾಲೆಯ ಮಗುವಿನ ಹಾಗೆ ಉರು ಹೊಡೆಯುತ್ತಿದ್ದರು. ನನ್ನ ಮಂಡಿ ಪ್ರತಿ ಇಳಿಜಾರಿನಲ್ಲೂ ಬೈಯುತ್ತಿತ್ತು, ನಾನೂ ಅದಕ್ಕೆ ಬೈದೆ. ಬೋರ್‌ವೆಲ್ಲಿನ ಬಳಿ ಹೆಂಗಸರು ಕೊಡ ಹಿಡಿದು ನಿಂತಿದ್ದರು, ಮಹಿಳಾ ಸಂಘದ ಹಿರಿಯಳೂ ಅವರ ನಡುವೆ ಇದ್ದಳು. ನಾವು ಹೋಗಬೇಕಾದ ಅಂಗಳ ಅಲ್ಲಿಂದ ಕೂಗಿದರೆ ಕೇಳುವಷ್ಟು ದೂರ. ನಮ್ಮನ್ನು ನೋಡಿ ಪಂಪಿನ ಸದ್ದು ನಿಂತಿತು.

ನನ್ನ ಗಂಡ ಅಂಗಳದ ಅಂಚಿನಲ್ಲಿ ನಿಂತು, ಬಂದವರು ಅಲ್ಲಿಯ ಭಾಷೆಯಲ್ಲಿ ಕೂಗುವಂತೆ ‘ಓದಿ’ ಎಂದು ಕೂಗಿದರು. ಆಕೆ ಕೈಯಲ್ಲಿ ಪೊರಕೆ ಹಿಡಿದೇ ಹೊರಗೆ ಬಂದಳು. ಇವರು ಟೋಪಿ ತೆಗೆದರು. ಕಲಿತದ್ದೆಲ್ಲ ಮರೆತುಹೋಗಿ ಒಂದು ಗಳಿಗೆ ಬಾಯಿ ಆಡಿಸಿದರು. ಆಮೇಲೆ ದೊಡ್ಡ ದನಿಯಲ್ಲಿ, ಬೋರ್‌ವೆಲ್ಲಿನವರೆಗೂ ಕೇಳುವಂತೆ, ಹೇಳಿದರು. ನನಗೆ ಹಸಿವಾಗಿದೆ. ನಿನ್ನೆಯಿಂದ ಹಸಿದಿದ್ದೇನೆ. ನಿನ್ನ ಮನೆಯ ಊಟ ಕೊಡು.

ಆಕೆ ನಗಲಿಲ್ಲ. ಶಿಕ್ಷಕಿಯ ಕಡೆ ನೋಡಿ ಏನೋ ಹೇಳಿದಳು.

‘ನಿನ್ನೆ ಕೋಳಿ ಇತ್ತು, ಇವತ್ತು ಸೊಪ್ಪು ಮಾತ್ರ ಇದೆ ಅನ್ನುತ್ತಿದ್ದಾಳೆ’ ಎಂದು ಶಿಕ್ಷಕಿ ಹೇಳಿದಳು.

‘ಸೊಪ್ಪೇ ಕೊಡಲಿ’ ಅಂದರು ಇವರು.

ಆಕೆ ಒಲೆ ಹಚ್ಚಿದಳು. ನಾವು ಚಾಪೆಯ ಮೇಲೆ ಕೂತು ಕಾದೆವು. ಅವಸರ ಮಾಡಲಿಲ್ಲ ಅವಳು, ನಾವೂ ಮಾಡಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಬೇಲಿಯ ಹತ್ತಿರ ಬಂದು ನಿಂತರು. ಬಿಳಿಯ ಹಿಟ್ಟಿನ ಮುದ್ದೆ, ಅವರು ನ್ಸಿಮಾ ಅನ್ನುತ್ತಾರೆ, ಅದರ ಜೊತೆ ಕುಂಬಳದ ಎಳೆ ಎಲೆಯ ಪಲ್ಯ. ಮೊದಲು ನಮ್ಮ ಕೈಗೆ ನೀರು ಹೊಯ್ದಳು. ನನ್ನ ಗಂಡ ಮುದ್ದೆ ಮುರಿದು ಪಲ್ಯಕ್ಕೆ ಒತ್ತಿ ಬಾಯಿಗೆ ಇಟ್ಟುಕೊಂಡವರು ನನ್ನ ಕಡೆ ತಿರುಗಿ ‘ಶೇಂಗಾದ ಪುಡಿ ಹಾಕ್ಯಾಳ. ನಮ್ಮ ಹಿಂಡಿ ಪಲ್ಯೆ ಇದ್ದಂಗ ಐತಿ’ ಅಂದರು. ಅದು ಮರ್ಯಾದೆಗೆ ಅಂದ ಮಾತಲ್ಲ. ಅವರ ಮುಖ ನೋಡಿ ನನಗೆ ಗೊತ್ತಾಗುತ್ತದೆ.

ಆಕೆ ಮತ್ತೆ ಮುದ್ದೆ ಹಿಡಿದು ಬಂದಳು. ಇವರ ಎಡಗೈ ತಾನಾಗಿ ಮೇಲೆ ಬಂತು, ಬ್ಯಾಡ ಅನ್ನಲು. ನಾನು ಕೆಮ್ಮಿದೆ. ಎಡಗೈ ಕೆಳಗಿಳಿಯಿತು. ತಾಟು ಮುಂದೆ ಹೋಯಿತು. ಮೊದಲ ಸಲ ಕೇಳಿದ್ದಕ್ಕೇ. ಮತ್ತೊಮ್ಮೆ ಬಂದಳು, ಮತ್ತೂ ಹೋಯಿತು. ಆಗ ಆಕೆಯ ಭುಜ ಅಲುಗಾಡತೊಡಗಿತು, ಆಮೇಲೆ ಇಡೀ ಮೈ. ನನ್ನ ಕನ್ನಡಕ ಹಾಕಿಕೊಂಡು ನಗುತ್ತಿದ್ದಳಲ್ಲ, ಅದೇ ನಗು. ನನಗೂ ತಡೆಯಲಾಗಲಿಲ್ಲ, ನಕ್ಕೆನೋ ಅತ್ತೆನೋ.

ಬೇಲಿಯ ಬಳಿ ಯಾರೂ ನಗಲಿಲ್ಲ. ಮಹಿಳಾ ಸಂಘದ ಹಿರಿಯಳು ಬಹಳ ಹೊತ್ತು ನೋಡುತ್ತ ನಿಂತಿದ್ದಳು. ಕೊನೆಗೆ ತಲೆಯ ಮೇಲಿನ ಕೊಡ ಇಳಿಸಿ ಅಂಗಳದೊಳಗೆ ಬಂದಳು. ನಮ್ಮ ಜೊತೆ ಕೂರಲಿಲ್ಲ, ಊಟ ಕೇಳಲಿಲ್ಲ. ಬಾಗಿಲ ಬಳಿ ನಿಂತು ಒಂದೇ ಒಂದು ಮಾತು ಆಡಿದಳು. ಮನೆಯಾಕೆ ಒಳಗೆ ಓಡಿದಳು, ತಗಡಿನ ಲೋಟ ತಂದು ಮಂಡಿಯೂರಿ ಕೊಟ್ಟಳು. ಏನು ಕೇಳಿದಳು ಎಂದು ನಾನು ಶಿಕ್ಷಕಿಯನ್ನು ಕೇಳುವ ಅಗತ್ಯವೇ ಬೀಳಲಿಲ್ಲ. ಹಿರಿಯಳ ಬಳಿ ತುಂಬಿದ ಕೊಡ ಇತ್ತು. ಆದರೂ ಆ ಮನೆಯ ನೀರು ಕುಡಿದಳು, ನಿಂತಲ್ಲೇ, ಕೊನೆಯ ಹನಿಯವರೆಗೆ.

ವ್ಯಾನು ಕಾದಿತ್ತು. ನಾಯಕಿ ಬಾಗಿಲು ತೆಗೆದು ‘ಊಟ ಆಯಿತೇ?’ ಎಂದಷ್ಟೇ ಕೇಳಿದಳು. ‘ಬಹಳ ಆಯಿತು’ ಎಂದರು ನನ್ನ ಗಂಡ, ಹೊಟ್ಟೆ ಸವರಿಕೊಳ್ಳುತ್ತ. ಮುಂದೆ ಇನ್ನೂ ಕೆಲವು ಊರುಗಳಾದವು. ಎಲ್ಲ ಮನೆಗಳಲ್ಲೂ ಅವರು ಮೊದಲ ಸಲಕ್ಕೇ ತಾಟು ಚಾಚಿದರು. ನಾಚಿಕೆಯಿಂದ ಕಿವಿ ಕೆಂಪಾಗುತ್ತಿದ್ದವು, ಆದರೂ ಚಾಚಿದರು.

ಸ್ಟ್ರೀಟ್ಸ್‌ವಿಲ್‌ಗೆ ಮರಳಿದ ಮರುದಿನ ಗದಗಿನವರು ಕೀಲಿ ಕೊಡಲು ಬಂದರು. ಗಿಡಗಳೆಲ್ಲ ಚೆನ್ನಾಗಿದ್ದವು, ಕರಿಬೇವು ಚಿಗುರಿತ್ತು. ನಾನು ರೊಟ್ಟಿ ಬಡಿಯುತ್ತಿದ್ದೆ. ‘ರೊಟ್ಟಿ ತಿನ್ರಿ, ಬಿಸಿ ಅದಾವ’ ಅಂದೆ.

‘ಬ್ಯಾಡ್ರೀ ಅಕ್ಕಾರ, ಈಗಷ್ಟ ಆತು’ ಅಂದರು.

ಯಾವಾಗಲೂ ಇಲ್ಲಿಗೆ ಸುಮ್ಮನಾಗುತ್ತಿದ್ದವಳು ನಾನು. ಅವತ್ತು ಒಲೆ ಸಣ್ಣದು ಮಾಡಿ ಅವರ ಎದುರಿಗೆ ಬಂದು ನಿಂತೆ. ‘ಇಲ್ಲ, ಉಣ್ಣಬೇಕು ನೀವು. ಕೂಡ್ರಿ’ ಅಂದೆ.

‘ಬ್ಯಾಡ್ರಿ, ನಿಮಗ್ಯಾಕ ತ್ರಾಸು’ ಅಂದರು, ಚಪ್ಪಲಿಯ ಕಡೆ ನೋಡುತ್ತ.

‘ನೇರ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮಗ ಊಟ ಬ್ಯಾಡೋ, ನಮ್ಮ ಮನಿ ಊಟ ಬ್ಯಾಡೋ?’

ಅವರು ನನ್ನನ್ನೇ ನೋಡಿದರು. ಮುಖದಲ್ಲಿ ಮೊದಲು ಆಶ್ಚರ್ಯ, ಆಮೇಲೆ ನೋವು. ‘ಅಯ್ಯ, ಏನ್ ಮಾತಾಡ್ತೀರಿ ಅಕ್ಕಾರ’ ಅಂದರು. ‘ಇಷ್ಟು ವರ್ಷ ಆತು. ನೀವು ಒಂದ ಸಲ ಕೇಳಿ ಅಡಗಿಮನಿಗೆ ಹೋಗಿಬಿಡ್ತೀರಿ. ನಿಮಗ ನಾವು ಉಣ್ಣೂದು ಬ್ಯಾಡಾಗೇದ ಅಂತ ತಿಳಕೊಂಡಿದ್ದೆ.’

ಒಂದೇ ಸಲ ಕೇಳುವುದು ಈ ದೇಶ ಕಲಿಸಿದ ಬುದ್ಧಿ ಎಂದುಕೊಂಡಿದ್ದೆ. ಕೆನಡಾ ಅಲ್ಲ, ಅದನ್ನು ನನಗೆ ಕಲಿಸಿದ್ದು ಬೆಟಗೇರಿಯ ಪಡಸಾಲೆ. ಒಮ್ಮೆ ಬ್ಯಾಡ ಅನಿಸಿಕೊಂಡರೆ ಸಾಕು ಎಂದು ನಾನೂ ಇಷ್ಟು ವರ್ಷ ತಂಬಿಗೆ ಬೆಳಗುತ್ತ ಕೂತಿದ್ದೆ.

ನನ್ನ ಗಂಡ ಆಗಲೇ ತಾಟು ತಂದು ಅವರ ಮುಂದೆ ಇಟ್ಟಿದ್ದರು, ತಮ್ಮದನ್ನೂ ಪಕ್ಕದಲ್ಲಿ ಇಟ್ಟುಕೊಂಡಿದ್ದರು. ನಾನು ಬಿಸಿ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ ‘ಉಣ್ರಿ’ ಅಂದೆ, ಮೂರನೆಯ ಸಲ. ಅವರು ಚಪ್ಪಲಿ ಬಿಚ್ಚಿ ಬದಿಗಿಟ್ಟು ಬಂದು ಕೂತರು. ರೊಟ್ಟಿ ಮುರಿಯುವ ಮೊದಲು ‘ಅಕ್ಕಾರ, ಸ್ವಲ್ಪ ನೀರು ಕೊಡ್ರಿ’ ಅಂದರು.